ಬಚ್ಚಲಿನಿಂದ ಹೊರಟ ನೀರು ಎಲ್ಲಿಗೆ ಹೋಗುತ್ತದೆ?

ಊರಿಗೆ ನೀರು ಬಂದ ದಿನವನ್ನು ನಾವು ಹಬ್ಬದಂತೆ ಆಚರಿಸುತ್ತೇವೆ. ಹೊಸ ನಲ್ಲಿಗೆ ವಿಭೂತಿ, ಕುಂಕುಮ ಹಚ್ಚಿ, ಕಾಯಿ ಒಡೆದು, ಮೊದಲ ಕೊಡವನ್ನು ಭಕ್ತಿಯಿಂದ ತುಂಬಿಕೊಳ್ಳುತ್ತೇವೆ. ಅದೇ ನೀರು ನಮ್ಮ ಮೈ ತೊಳೆದು, ಪಾತ್ರೆ ಬೆಳಗಿ, ಬಟ್ಟೆ ಒಗೆದು ಮನೆಯ ಹಿಂಬದಿಯಿಂದ ಹೊರಹೋಗುವಾಗ ಅದರತ್ತ ತಿರುಗಿ ನೋಡುವವರಿಲ್ಲ. ಬರುವ ನೀರಿಗೆ ಯೋಜನೆಯಿದೆ, ಮೇಲ್ತೊಟ್ಟಿಯಿದೆ, ನೀರುಗಂಟಿಯಿದ್ದಾನೆ. ಹೋಗುವ ನೀರಿಗೆ ಯಾರೂ ಇಲ್ಲ. ಗ್ರಾಮೀಣ ಆರೋಗ್ಯದ ಅನೇಕ ತೊಂದರೆಗಳ ಬೇರು ಈ ಅಲಕ್ಷ್ಯದಲ್ಲಿದೆ.

2019ರ ಆಗಸ್ಟ್ 15ರಂದು ಪ್ರಕಟವಾದ ಜಲ ಜೀವನ್ ಮಿಷನ್ ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಎಂಬ ಹೆಸರಿನಿಂದ ಜಾರಿಗೆ ಬಂದಿತು. ಪ್ರತಿ ವ್ಯಕ್ತಿಗೆ ದಿನವೊಂದಕ್ಕೆ 55 ಲೀಟರ್ ನೀರು ಒದಗಿಸುವುದು ಅದರ ಗುರಿ. ಐದು ಜನರ ಒಂದು ಕುಟುಂಬಕ್ಕೆ ಇದು 275 ಲೀಟರ್ ಆಗುತ್ತದೆ. ಮನೆಯಲ್ಲಿ ಬಳಸಿದ ನೀರಿನಲ್ಲಿ ಸುಮಾರು ಶೇಕಡಾ 80ರಷ್ಟು ಮಲಿನವಾಗಿ ಹೊರಬರುತ್ತದೆ ಎಂಬುದು ಸಾಮಾನ್ಯವಾಗಿ ಹಿಡಿಯುವ ಅಂದಾಜು. ಅಂದರೆ ಮನೆಗೆ 220 ಲೀಟರ್. ಐನೂರು ಮನೆಗಳ ಊರಾದರೆ ದಿನಕ್ಕೆ 1,10,000 ಲೀಟರ್. ಐದು ಸಾವಿರ ಲೀಟರ್ ಹಿಡಿಯುವ ಟ್ರ್ಯಾಕ್ಟರ್ ಟ್ಯಾಂಕರುಗಳಲ್ಲಿ ತುಂಬಿದರೆ ಇಪ್ಪತ್ತೆರಡು ಟ್ಯಾಂಕರುಗಳಷ್ಟು ಕೊಳೆನೀರನ್ನು ಒಂದು ಚಿಕ್ಕ ಊರು ಪ್ರತಿದಿನವೂ ತನ್ನ ಓಣಿಗಳಿಗೆ ಚೆಲ್ಲುತ್ತದೆ. ಬಾವಿಯಿಂದ ಸೇದಿ ಹೊತ್ತು ತರುತ್ತಿದ್ದ ಕಾಲದಲ್ಲಿ ನೀರಿನ ಬಳಕೆಯೇ ಮಿತವಾಗಿತ್ತು. ಹಿತ್ತಲಿನ ಬಾಳೆಯ ಬುಡವೇ ಅದನ್ನು ಹೀರಿಬಿಡುತ್ತಿತ್ತು. ಇಂದು ಹಿತ್ತಲುಗಳು ಕಿರಿದಾಗಿವೆ, ಓಣಿಗಳು ಕಾಂಕ್ರೀಟಿನಿಂದ ಮುಚ್ಚಿವೆ, ನೀರು ಮಾತ್ರ ಹಲವು ಪಟ್ಟು ಹೆಚ್ಚಿದೆ.

ಎರಡು ಬಗೆಯ ಕೊಳೆನೀರು

ಈ ವಿಷಯದಲ್ಲಿ ಮೊದಲು ಅರಿಯಬೇಕಾದ ಸಂಗತಿಯೆಂದರೆ ಮನೆಯಿಂದ ಹೊರಬರುವ ಕೊಳೆನೀರು ಒಂದೇ ಬಗೆಯದಲ್ಲ. ಬಚ್ಚಲು, ಅಡುಗೆಮನೆ, ಬಟ್ಟೆ ಒಗೆಯುವ ಕಲ್ಲು ಇವುಗಳಿಂದ ಬರುವುದು ಬೂದುನೀರು. ಇದರಲ್ಲಿ ಸಾಬೂನು, ಜಿಡ್ಡು, ಅನ್ನದ ಅಗುಳು, ಮಣ್ಣು ಇರುತ್ತವೆ. ಶೌಚಾಲಯದಿಂದ ಬರುವುದು ಕಪ್ಪುನೀರು. ಇದರ ಪ್ರಮಾಣ ಅಲ್ಪ. ಆದರೆ ರೋಗಾಣುಗಳಲ್ಲಿ ಬಹುಪಾಲು ಇದರಲ್ಲಿಯೇ ಇರುತ್ತವೆ. ವಾಂತಿಭೇದಿ, ವಿಷಮಶೀತಜ್ವರ, ಆಮಶಂಕೆ, ಎ ಮತ್ತು ಇ ಬಗೆಯ ಕಾಮಾಲೆ ಇವುಗಳನ್ನು ತರುವ ಜೀವಿಗಳೂ, ದುಂಡುಹುಳುವಿನ ತತ್ತಿಗಳೂ ರೋಗಿಯ ಮಲದ ಮೂಲಕವೇ ಹೊರಬಂದು ಮತ್ತೊಬ್ಬರ ಬಾಯಿಯನ್ನು ಸೇರುತ್ತವೆ.

ಈ ಎರಡನ್ನೂ ಬೇರೆ ಬೇರೆಯಾಗಿ ಇರಿಸಿದರೆ ಎರಡನ್ನೂ ಸಂಭಾಳಿಸುವುದು ಸುಲಭ. ಒಂದರೊಡನೆ ಒಂದು ಬೆರೆಸಿದೆವೆಂದರೆ ಅಲ್ಪಪ್ರಮಾಣದ ಅಪಾಯಕಾರಿ ನೀರು ಇಡೀ ರಾಶಿಯನ್ನೇ ಅಪಾಯಕಾರಿಯಾಗಿಸುತ್ತದೆ. ನಗರಗಳು ಅನಿವಾರ್ಯವಾಗಿ ಎರಡನ್ನೂ ಒಂದೇ ಕೊಳವೆಗೆ ಸೇರಿಸಿ, ಕೋಟ್ಯಂತರ ರೂಪಾಯಿಗಳ ಯಂತ್ರಾಗಾರಗಳಲ್ಲಿ ಶುದ್ಧಗೊಳಿಸಬೇಕಾಗುತ್ತದೆ. ಹಳ್ಳಿಗೆ ಆ ಅನಿವಾರ್ಯತೆ ಇಲ್ಲ. ನೀರು ಹುಟ್ಟಿದ ಜಾಗಕ್ಕೆ ಎಷ್ಟು ಸಮೀಪದಲ್ಲಿ ಅದನ್ನು ಶುದ್ಧಗೊಳಿಸುತ್ತೇವೆಯೋ ಅಷ್ಟು ಖರ್ಚು ಕಡಿಮೆ, ಅಷ್ಟು ಶ್ರಮ ಕಡಿಮೆ. ಸಣ್ಣ ಊರಿಗೆ ಇದುವೇ ಮೂಲಸೂತ್ರ.

ರೋಗ ನಡೆದು ಬರುವ ದಾರಿ

1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸುತ್ತ ಕಾಲರಾ ಹಬ್ಬಿ ಕೆಲವೇ ವಾರಗಳಲ್ಲಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂದು ಎಲ್ಲರೂ ನಂಬಿದ್ದ ಕಾಲ ಅದು. ಜಾನ್ ಸ್ನೋ ಎಂಬ ವೈದ್ಯ ಸತ್ತವರ ಮನೆಗಳನ್ನು ಗುರುತಿಸುತ್ತ ಹೋಗಿ, ಅವರಲ್ಲಿ ಬಹುಮಂದಿ ಒಂದೇ ಕೈಪಂಪಿನ ನೀರು ಕುಡಿದವರೆಂದು ತೋರಿಸಿದ. ಮುಂದೆ ಆ ಬಾವಿಯ ಪಕ್ಕದಲ್ಲಿ ಅಗೆದು ನೋಡಿದಾಗ ಮೂರಡಿಯೊಳಗೇ ಒಂದು ಮನೆಯ ಮಲಗುಂಡಿ ಇದ್ದುದೂ, ಅದರ ಇಟ್ಟಿಗೆಗೋಡೆ ಶಿಥಿಲವಾಗಿ ಕೊಳೆ ಬಾವಿಯೊಳಕ್ಕೆ ಜಿನುಗುತ್ತಿದ್ದುದೂ ಕಂಡುಬಂತು. ಕಾಲರಾದಿಂದ ನರಳುತ್ತಿದ್ದ ಒಂದು ಹಸುಗೂಸಿನ ಬಟ್ಟೆ ತೊಳೆದ ನೀರನ್ನು ಅದೇ ಗುಂಡಿಗೆ ಚೆಲ್ಲಲಾಗಿತ್ತು.

ಇದು ಹಳೆಯ ಕಾಲದ, ದೂರದ ದೇಶದ ಕಥೆಯೆಂದು ತಳ್ಳಿಹಾಕುವಂತಿಲ್ಲ. 2023ರಲ್ಲಿ ನಮ್ಮದೇ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಅನೇಕರು ಅಸ್ವಸ್ಥರಾದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ನಲ್ಲಿಯ ನೀರು ಕುಡಿಯುತ್ತಿದ್ದೇವೆ, ನಮಗೇನೂ ಆಗದು ಎಂಬ ನೆಮ್ಮದಿಯೂ ಪೂರ್ಣವಲ್ಲ. ಹಳ್ಳಿಗಳಲ್ಲಿ ನೀರು ದಿನವಿಡೀ ಹರಿಯದು. ಕೆಲವು ಗಂಟೆ ಬಂದು ನಿಲ್ಲುತ್ತದೆ. ನೀರು ನಿಂತಾಗ ಕೊಳವೆಯೊಳಗಿನ ಒತ್ತಡ ಇಳಿಯುತ್ತದೆ. ಆ ಕೊಳವೆ ಚರಂಡಿಯೊಳಗೆ ಹಾದುಹೋಗಿದ್ದು, ಎಲ್ಲಿಯಾದರೂ ಒಂದು ಬಿರುಕಿದ್ದರೆ ಸುತ್ತಲಿನ ಕೊಳೆನೀರನ್ನು ಅದು ಒಳಕ್ಕೆ ಸೆಳೆದುಕೊಳ್ಳುತ್ತದೆ. ಮರುದಿನ ನಲ್ಲಿಯಲ್ಲಿ ಮೊದಲು ಬರುವುದು ಆ ನೀರೇ.

ಕಣ್ಣಿಗೂ ನಾಲಿಗೆಗೂ ತಿಳಿಯದ ಮತ್ತೊಂದು ಅಪಾಯ ನೈಟ್ರೇಟ್. ಮಲಮೂತ್ರದಲ್ಲಿರುವ ಸಾರಜನಕ ನೆಲದೊಳಗೆ ನೈಟ್ರೇಟಾಗಿ ಮಾರ್ಪಟ್ಟು ಅಂತರ್ಜಲದೊಡನೆ ಸಾಗುತ್ತದೆ. ಹೊಲಕ್ಕೆ ಮಿತಿಮೀರಿ ಹಾಕಿದ ಗೊಬ್ಬರವೂ ಇದಕ್ಕೆ ಕಾರಣ. ಕುಡಿಯುವ ನೀರಿನ ಲೀಟರಿನಲ್ಲಿ ಅದು 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಮಿತಿ ಮೀರಿದ ನೀರಿನಲ್ಲಿ ಪುಡಿಹಾಲು ಕಲಸಿ ಕುಡಿಸಿದ ಎಳೆಗೂಸುಗಳ ರಕ್ತ ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟಬಹುದು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ನೈಟ್ರೇಟ್ ಹೋಗದು.

ಇನ್ನು ಸೊಳ್ಳೆಗಳ ಮಾತು. ಡೆಂಗೆ ಹರಡುವ ಸೊಳ್ಳೆ ಹೆಚ್ಚಾಗಿ ತೊಟ್ಟಿ, ಹಂಡೆ, ಒಡೆದ ಮಡಕೆಗಳ ತಿಳಿನೀರಿನಲ್ಲಿ ಬೆಳೆಯುತ್ತದೆ. ಆನೆಕಾಲು ರೋಗವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆಗಾದರೋ ನಿಂತ ಚರಂಡಿಯ ಕೊಳಕು ನೀರೇ ತವರುಮನೆ. ಕಲಬುರಗಿ, ಬೀದರ್, ಯಾದಗಿರಿ ಭಾಗದ ಹಿರಿಯರಿಗೆ ಆ ರೋಗದ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಸಂಜೆ ಹೊಗೆ ಹಾಕಿದರೆ ಹಾರಾಡುವ ಸೊಳ್ಳೆಗಳು ಸಾಯುತ್ತವೆ. ನಿಂತ ನೀರನ್ನು ಇಲ್ಲವಾಗಿಸಿದರೆ ಸೊಳ್ಳೆ ಹುಟ್ಟುವುದೇ ನಿಲ್ಲುತ್ತದೆ.

ಆಳವಾದ ಗುಂಡಿಯ ಭ್ರಮೆ

ಶೌಚಾಲಯ ಕಟ್ಟಿಸುವಾಗ ನಮ್ಮಲ್ಲಿ ಅನೇಕರು ಸಾಧ್ಯವಾದಷ್ಟು ಆಳಕ್ಕೆ ಒಂದೇ ಗುಂಡಿಯನ್ನು ತೋಡಿಸುತ್ತಾರೆ. 'ಮೊಮ್ಮಕ್ಕಳ ಕಾಲಕ್ಕೂ ತುಂಬುವುದಿಲ್ಲ' ಎಂದು ಹೆಮ್ಮೆಪಡುವವರೂ ಉಂಟು. ಆದರೆ ಅದು ತುಂಬದಿರುವುದಕ್ಕೆ ಕಾರಣ ಕೊಳೆಯೆಲ್ಲ ಕೆಳಗಿನ ಜಲಪದರಕ್ಕೆ ಇಳಿದುಹೋಗುತ್ತಿರುವುದೂ ಆಗಿರಬಹುದು. ಕೊಳೆಯನ್ನು ಕರಗಿಸುವ ಜೀವಿಗಳು ಗಾಳಿಯಾಡುವ ಮೇಲ್ಪದರದ ಮಣ್ಣಿನಲ್ಲಿ ಹೇರಳವಾಗಿರುತ್ತವೆ. ಆಳಕ್ಕೆ ಹೋದಂತೆ ವಿರಳವಾಗುತ್ತವೆ. ಆದ್ದರಿಂದ ಶೌಚಗುಂಡಿ ಆಳವಾಗಿರಬಾರದು. ಅದರ ತಳಕ್ಕೂ ಅಂತರ್ಜಲದ ಮಟ್ಟಕ್ಕೂ ಕನಿಷ್ಠ 2 ಮೀಟರ್ ಅಂತರವಿರಬೇಕು. ಕುಡಿಯುವ ನೀರಿನ ಬಾವಿ ಅಥವಾ ಕೊಳವೆಬಾವಿಯಿಂದ ಕನಿಷ್ಠ 10 ಮೀಟರ್ ದೂರವಿರಬೇಕು. ಬಿರುಕುಬಿಟ್ಟ ಬಂಡೆಯ ನೆಲವಾದರೆ ಇನ್ನೂ ದೂರವಿರುವುದು ಕ್ಷೇಮ.

ಇದಕ್ಕೆ ಸರಳ ಉಪಾಯ ಎರಡು ಗುಂಡಿಗಳ ಶೌಚಾಲಯ. ಬಿಂದೇಶ್ವರ್ ಪಾಠಕ್ ಅವರು 1970ರಲ್ಲಿ ಸ್ಥಾಪಿಸಿದ ಸುಲಭ್ ಸಂಸ್ಥೆ ಇದನ್ನು ದೇಶದ ಉದ್ದಗಲಕ್ಕೂ ಪರಿಚಯಿಸಿತು. ಐದಾರು ಜನರ ಕುಟುಂಬಕ್ಕೆ ಸುಮಾರು 1 ಮೀಟರ್ ಅಗಲದ, ಅದಕ್ಕಿಂತ ತುಸು ಹೆಚ್ಚು ಆಳದ ಎರಡು ಗುಂಡಿಗಳು ಸಾಕು. ಅವುಗಳ ನಡುವೆ 1 ಮೀಟರ್ ಅಂತರ. ಗೋಡೆಯ ಇಟ್ಟಿಗೆಗಳ ನಡುವೆ ಜೇನುಗೂಡಿನಂತೆ ಕಿಂಡಿಗಳು; ತಳಕ್ಕೆ ಸಿಮೆಂಟು ಬೇಡ. ಕವಲು ತೊಟ್ಟಿಯಲ್ಲಿ ಒಂದು ದಾರಿಯನ್ನು ಮುಚ್ಚಿ ಒಂದೇ ಗುಂಡಿಯನ್ನು ಬಳಸಬೇಕು. ಅದು ತುಂಬಿದಾಗ ದಾರಿ ತಿರುಗಿಸಿ ಎರಡನೆಯದನ್ನು ಬಳಸಬೇಕು. ಮುಚ್ಚಿಟ್ಟ ಗುಂಡಿಯನ್ನು ಒಂದೂವರೆಯಿಂದ ಎರಡು ವರ್ಷ ಮುಟ್ಟಬಾರದು. ದುಂಡುಹುಳುವಿನ ತತ್ತಿಗಳು ಮಣ್ಣಿನಲ್ಲಿ ದೀರ್ಘಕಾಲ ಜೀವ ಹಿಡಿದಿರುವ ಕಾರಣ ಈ ಅವಧಿಯನ್ನು ಕಡಿಮೆ ಮಾಡುವಂತಿಲ್ಲ. ಅವಧಿ ಕಳೆದ ಮೇಲೆ ಒಳಗಿರುವುದು ವಾಸನೆಯಿಲ್ಲದ, ಕಪ್ಪುಬಣ್ಣದ, ಪುಡಿಪುಡಿಯಾದ ಗೊಬ್ಬರ. ಬಚ್ಚಲಿನ ನೀರನ್ನು ಮಾತ್ರ ಈ ಗುಂಡಿಗೆ ಎಂದಿಗೂ ಬಿಡಬಾರದು. ಬಿಟ್ಟರೆ ಗುಂಡಿ ಒಣಗುವುದಿಲ್ಲ, ಗೊಬ್ಬರವೂ ಆಗುವುದಿಲ್ಲ.

ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿದವರು ಒಂದು ಮಾತನ್ನು ಮರೆಯಬಾರದು. ಅದು ಕೊಳೆಯನ್ನು ತಳಕ್ಕೆ ಇಳಿಸುವ ತೊಟ್ಟಿಯೇ ಹೊರತು ನೀರನ್ನು ಪೂರ್ತಿಯಾಗಿ ಶುದ್ಧಮಾಡುವ ಸಾಧನವಲ್ಲ. ಅದರಿಂದ ಹೊರಬರುವ ನೀರಿನಲ್ಲಿ ರೋಗಾಣುಗಳು ಇದ್ದೇ ಇರುತ್ತವೆ. ಆ ನೀರನ್ನು ಇಂಗುಗುಂಡಿಗೆ ಬಿಡಬೇಕು. ಓಣಿಯ ಚರಂಡಿಗೆ ಬಿಡುವುದು ನೆರೆಮನೆಯ ಮಕ್ಕಳ ಕಾಲಿನ ಬಳಿಗೆ ರೋಗವನ್ನು ಕಳುಹಿಸಿದಂತೆ. ಎರಡು ಮೂರು ವರ್ಷಕ್ಕೊಮ್ಮೆ ಯಂತ್ರದಿಂದ ಹೂಳು ತೆಗೆಸಬೇಕು.

ಇಲ್ಲಿ ಪ್ರಾಣದ ಪ್ರಶ್ನೆಯೊಂದಿದೆ. ಆಳವಾದ ಗುಂಡಿ, ಮುಚ್ಚಿದ ತೊಟ್ಟಿಗಳಲ್ಲಿ ಆಮ್ಲಜನಕ ಇರುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ತುಂಬಿರುತ್ತದೆ. ಕೊಳೆತ ಮೊಟ್ಟೆಯ ವಾಸನೆಯಿಂದ ಅದು ತಿಳಿಯುತ್ತದೆಯಾದರೂ, ಪ್ರಮಾಣ ಹೆಚ್ಚಾದಾಗ ಅದು ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ. ಒಳಗೆ ಇಳಿದವನು ಕ್ಷಣಾರ್ಧದಲ್ಲಿ ಕುಸಿಯುತ್ತಾನೆ; ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಒಬ್ಬರ ಹಿಂದೆ ಒಬ್ಬರಂತೆ ಎರಡು ಮೂರು ಜನ ಸತ್ತ ಸುದ್ದಿಗಳ ಕಾರಣ ಇದೇ. ಮಾನವರನ್ನು ಇಂಥ ಕೆಲಸಕ್ಕೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. 2014ರ ಮಾರ್ಚ್ 27ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ವಿಧಿಸಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಹಣ ಹೋದ ಜೀವವನ್ನು ತಾರದು.

ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಶರಣರ ನಾಡು ನಮ್ಮದು. ಆದರೂ ನಮ್ಮ ಮನೆಯ ಮಲವನ್ನು ಹೊರುವ ಕೆಲಸವನ್ನು ಒಂದೇ ಜನವರ್ಗದ ತಲೆಗೆ ಕಟ್ಟಿದ್ದೇವೆ. ಕಾಯಕವೆಂಬ ಹೆಸರು ಕೊಟ್ಟು ಈ ಹೊರೆಯನ್ನು ಸಮರ್ಥಿಸುವುದು ಸಲ್ಲದು. ಎರಡು ಗುಂಡಿಗಳ ಪದ್ಧತಿಯ ದೊಡ್ಡ ಗುಣ ಇಲ್ಲಿದೆ: ಮಲವನ್ನು ಯಾವ ಮನುಷ್ಯನೂ ಮುಟ್ಟಬೇಕಾಗಿಲ್ಲ, ಅದು ಗೊಬ್ಬರವಾದ ಮೇಲೆ ಮನೆಯ ಯಜಮಾನನೇ ಸಲಿಕೆ ಹಿಡಿದು ತೆಗೆದು ತನ್ನ ಹೊಲಕ್ಕೆ ಹಾಕಬಹುದು.

ಬಚ್ಚಲು ಗುಂಡಿ ಮತ್ತು ಮಣ್ಣಿನ ಗುಣ

ಬೂದುನೀರಿಗೆ ಹಿತ್ತಲಿನ ಮಣ್ಣೇ ಅತ್ಯುತ್ತಮ ಶುದ್ಧೀಕರಣ ಘಟಕ. ಸುಮಾರು 1 ಮೀಟರ್ ಉದ್ದ, ಅಗಲ, ಆಳದ ಗುಂಡಿ ತೋಡಿ, ಕೆಳಗೆ ದಪ್ಪ ಕಲ್ಲು, ಮೇಲೆ ಸಣ್ಣ ಜಲ್ಲಿ ತುಂಬಿದರೆ ಬಚ್ಚಲು ಗುಂಡಿ ಸಿದ್ಧ. ನೀರು ಗುಂಡಿಗೆ ಸೇರುವ ಮುನ್ನ ಒಂದು ಪುಟ್ಟ ತೊಟ್ಟಿಯಲ್ಲಿ ನಿಂತು ಮಣ್ಣು, ಕೂದಲು, ಜಿಡ್ಡನ್ನು ಅಲ್ಲಿಯೇ ಬಿಡಬೇಕು. ಈ ತೊಟ್ಟಿಯನ್ನು ವಾರಕ್ಕೊಮ್ಮೆ ಬಳಿಯದಿದ್ದರೆ ವರ್ಷದೊಳಗೆ ಗುಂಡಿಯ ಕಿಂಡಿಗಳೆಲ್ಲ ಕಟ್ಟಿಕೊಳ್ಳುತ್ತವೆ. ಗುಂಡಿ ಕೆಟ್ಟಿತೆಂಬ ದೂರುಗಳಲ್ಲಿ ಹೆಚ್ಚಿನವು ತೊಟ್ಟಿಯನ್ನು ಬಳಿಯದೆ ಬಿಟ್ಟದ್ದರಿಂದ ಬಂದವು.

ಎಲ್ಲ ನೆಲಕ್ಕೂ ಒಂದೇ ಅಳತೆ ಹೊಂದದು. ಕೆಂಪುಮಣ್ಣು, ಮರಳುಮಿಶ್ರಿತ ಮಣ್ಣು ನೀರನ್ನು ಬೇಗ ಹೀರುತ್ತವೆ. ನಮ್ಮ ಉತ್ತರದ ಜಿಲ್ಲೆಗಳ ಎರೆಮಣ್ಣು ಒದ್ದೆಯಾದೊಡನೆ ಉಬ್ಬಿ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಅಂಥ ನೆಲದಲ್ಲಿ ಗುಂಡಿಯನ್ನು ಹಿಗ್ಗಿಸಿ, ಸುತ್ತಲೂ ಒಂದಡಿಯಷ್ಟು ಮರಳು ಅಥವಾ ಸಣ್ಣ ಜಲ್ಲಿಯ ಪದರ ಕೊಡಬೇಕು. ಇಲ್ಲವೇ ಗುಂಡಿಯ ಬದಲು ಉದ್ದನೆಯ ಜಲ್ಲಿಕಾಲುವೆಯನ್ನು ತೋಡಿ ಅದರ ದಂಡೆಯಲ್ಲಿ ಬಾಳೆ, ಕೆಸು, ಕಾಬಾಳೆ ನೆಡಬೇಕು. ಬಾಳೆಯ ಅಗಲವಾದ ಎಲೆಗಳು ನೀರನ್ನು ಆವಿಯಾಗಿಸಿ ಮಣ್ಣಿನ ಕೆಲಸವನ್ನು ಹಗುರಗೊಳಿಸುತ್ತವೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಮೆಂತ್ಯದ ಸೊಪ್ಪುಗಳಿಗೆ ಮಾತ್ರ ಈ ನೀರನ್ನು ಹಾಯಿಸಬಾರದು.

ಬೀದರ್ ಜಿಲ್ಲೆಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ ನಾಂದೇಡ ಜಿಲ್ಲೆಯಲ್ಲಿ ತೆಂಭುರ್ಣಿ ಎಂಬ ಸಣ್ಣ ಗ್ರಾಮವಿದೆ. ಅಲ್ಲಿ ಮನೆಮನೆಗೂ ಇಂಗುಗುಂಡಿಗಳನ್ನು ನಿರ್ಮಿಸಿ, ತೆರೆದ ಚರಂಡಿಗಳ ಅಗತ್ಯವೇ ಇಲ್ಲದಂತೆ ಮಾಡಿದರು. ನೀರು ನಿಲ್ಲದಿದ್ದುದರಿಂದ ಸೊಳ್ಳೆಗಳ ಕಾಟ ತಗ್ಗಿತು. ಆ ಮಾದರಿಯನ್ನು ಜಿಲ್ಲೆಯ ಇತರ ಗ್ರಾಮಗಳೂ ಅನುಸರಿಸಿದವು. ನಮ್ಮ ರಾಜ್ಯದಲ್ಲಿಯೂ ಉದ್ಯೋಗ ಖಾತ್ರಿ ಯೋಜನೆಯಡಿ ಅನೇಕ ಮನೆಗಳಿಗೆ ಬಚ್ಚಲು ಗುಂಡಿಗಳು ಬಂದಿವೆ. ತೆಂಭುರ್ಣಿಯಿಂದ ಕಲಿಯಬೇಕಾದದ್ದು ಒಂದೇ: ಹತ್ತು ಮನೆಗಳಲ್ಲಿ ಗುಂಡಿಯಿದ್ದು ಹನ್ನೊಂದನೆಯ ಮನೆಯ ನೀರು ಓಣಿಗೆ ಹರಿದರೆ ಸೊಳ್ಳೆ ಹತ್ತೂ ಮನೆಗಳಿಗೆ ಬರುತ್ತದೆ. ಇಲ್ಲಿ ಊರೆಲ್ಲ ಕೂಡಿದರೆ ಮಾತ್ರ ಫಲ.

ಊರಿನ ತಗ್ಗಿನಲ್ಲಿ

ಹಿತ್ತಲೇ ಇಲ್ಲದ ಮನೆಗಳೂ ಇವೆ. ಅವುಗಳ ಬೂದುನೀರು ಮುಚ್ಚಿದ ಚರಂಡಿಯಲ್ಲಿ ಊರಿನ ತಗ್ಗಿಗೆ ಹರಿದು ಬರುತ್ತದೆ. ಇಂದು ಬಹುತೇಕ ಊರುಗಳಲ್ಲಿ ಅದು ನೇರವಾಗಿ ಕೆರೆಯನ್ನೋ ಹಳ್ಳವನ್ನೋ ಸೇರುತ್ತಿದೆ. ಕೆರೆಯ ಮುಂದೆ ಆ ನೀರಿಗೊಂದು ತಂಗುದಾಣ ಬೇಕು.

ಜರ್ಮನಿಯ ಸಸ್ಯವಿಜ್ಞಾನಿ ಕೇಟೆ ಸೈಡೆಲ್ 1950ರ ದಶಕದಲ್ಲಿ ಜೊಂಡುಹುಲ್ಲಿನ ಬೇರುಗಳು ಕೊಳೆನೀರನ್ನು ತಿಳಿಗೊಳಿಸಬಲ್ಲವೆಂದು ಪ್ರಯೋಗಗಳಿಂದ ತೋರಿಸಿದರು. ಅದರಿಂದ ಬೆಳೆದದ್ದು ಸಸ್ಯಸಹಿತ ಜಲ್ಲಿಪಾತಿ. ಮೊದಲು ನೀರು ಒಂದು ತೊಟ್ಟಿಯಲ್ಲಿ ನಿಂತು ಹೂಳನ್ನು ಇಳಿಸುತ್ತದೆ. ಅನಂತರ ಸುಮಾರು ಎರಡು ಅಡಿ ಆಳದ ಜಲ್ಲಿಯ ಪಾತಿಯೊಳಗೆ ನಿಧಾನವಾಗಿ ಹರಿಯುತ್ತದೆ. ಮೇಲೆ ಜೊಂಡು, ಕಾಬಾಳೆಗಳನ್ನು ನೆಟ್ಟಿರುತ್ತಾರೆ. ಜಲ್ಲಿಗೂ ಬೇರಿಗೂ ಅಂಟಿಕೊಂಡ ಕೋಟ್ಯಂತರ ಸೂಕ್ಷ್ಮಜೀವಿಗಳು ಕೊಳೆಯನ್ನು ಆಹಾರವಾಗಿ ತಿಂದುಬಿಡುತ್ತವೆ. ನೀರಿನ ಮಟ್ಟ ಜಲ್ಲಿಯ ಮೇಲ್ಮೈಗಿಂತ ನಾಲ್ಕು ಬೆರಳು ಕೆಳಗೇ ಇರುವುದರಿಂದ ಸೊಳ್ಳೆಗೆ ಅವಕಾಶವಿಲ್ಲ. ವಿದ್ಯುತ್ತು ಬೇಡ, ಮೋಟಾರು ಬೇಡ, ಇಳಿಜಾರು ಸಾಕು. ಬೆಚ್ಚನೆಯ ನಮ್ಮ ಹವೆಯಲ್ಲಿ ವ್ಯಕ್ತಿಯೊಬ್ಬರಿಗೆ ಸುಮಾರು 1ರಿಂದ 2 ಚದರ ಮೀಟರ್ ಜಾಗವನ್ನು ಲೆಕ್ಕಹಿಡಿಯುತ್ತಾರೆ.

ಜಾಗ ಧಾರಾಳವಾಗಿರುವ ಊರಿಗೆ ಒಂದರ ಮುಂದೆ ಒಂದರಂತೆ ಜೋಡಿಸಿದ ಹೊಂಡಗಳೂ ಸಾಕು. ಮೊದಲ ಹೊಂಡದಲ್ಲಿ ಹೂಳು ಇಳಿಯುತ್ತದೆ. ಮುಂದಿನ ಆಳವಿಲ್ಲದ ಹೊಂಡಗಳಲ್ಲಿ ಪಾಚಿ ಬಿಸಿಲಿನ ನೆರವಿನಿಂದ ಆಮ್ಲಜನಕವನ್ನು ಒದಗಿಸುತ್ತದೆ, ಜೀವಾಣುಗಳು ಕೊಳೆಯನ್ನು ಕರಗಿಸುತ್ತವೆ, ಬಿಸಿಲೂ ಕಾಲವೂ ಸೇರಿ ರೋಗಾಣುಗಳನ್ನು ಕೊಲ್ಲುತ್ತವೆ. ಹೊಂಡದ ಅಂಚಿನ ಕಳೆಯನ್ನು ಕೀಳುತ್ತಿರಬೇಕು, ಸುತ್ತ ಬೇಲಿಯಿರಬೇಕು. ಹೀಗೆ ತಿಳಿಯಾದ ನೀರು ತೋಟದ ಮರಗಳಿಗೆ, ಮೇವಿನ ಹುಲ್ಲಿಗೆ ಉಪಯುಕ್ತ. ಕುಡಿಯಲು ಅಲ್ಲ.

ಜಾತ್ರೆ ಮತ್ತು ದಾಸೋಹದ ದಿನಗಳು

ಭಕ್ತರು ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ವರ್ಷವಿಡೀ ಎರಡು ಸಾವಿರ ಜನರಿರುವ ಊರಿಗೆ ಜಾತ್ರೆಯ ದಿನ ಹತ್ತಾರು ಸಾವಿರ ಜನ ಬರುತ್ತಾರೆ. ದಾಸೋಹದ ಅಡುಗೆಮನೆಯಿಂದ ಅನ್ನ ಬಸಿದ ಗಂಜಿ, ಸಾರಿನ ಜಿಡ್ಡು, ತಟ್ಟೆ ತೊಳೆದ ನೀರು ಹೊಳೆಯಂತೆ ಹರಿಯುತ್ತದೆ. ಗಂಜಿ ನೋಡಲು ನಿರುಪದ್ರವಿ. ಆದರೆ ಕೆರೆಯನ್ನು ಸೇರಿದರೆ ಅದನ್ನು ಕರಗಿಸುವ ಜೀವಾಣುಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಮೀನು ಸಾಯುತ್ತವೆ, ನೀರು ನಾರುತ್ತದೆ. ಗಂಜಿಯನ್ನು ಬೇರೆಯಾಗಿ ಹಿಡಿದು ದನಕರುಗಳಿಗೆ ಕೊಡಬಹುದು. ಎಂಜಲನ್ನು ತೊಳೆಯುವ ಮುನ್ನ ಬಳಿದು ಗೊಬ್ಬರದ ಗುಂಡಿಗೆ ಹಾಕಬಹುದು. ಜಿಡ್ಡುನೀರನ್ನು ಒಂದು ತೊಟ್ಟಿಯಲ್ಲಿ ನಿಲ್ಲಿಸಿ ತೇಲಿದ ಜಿಡ್ಡನ್ನು ತೆಗೆದ ಮೇಲೆ ಇಂಗುಕಾಲುವೆಗೆ ಬಿಡಬೇಕು. ತಾತ್ಕಾಲಿಕ ಶೌಚಾಲಯಗಳನ್ನು ಬಾವಿ, ಕಲ್ಯಾಣಿಗಳಿಂದ ದೂರದಲ್ಲಿ, ಅವುಗಳಿಗಿಂತ ತಗ್ಗಿನ ಜಾಗದಲ್ಲಿ ನಿಲ್ಲಿಸಬೇಕು. ಜಾತ್ರಾ ಸಮಿತಿಯ ಕೆಲಸಗಳ ಪಟ್ಟಿಯಲ್ಲಿ ನೀರು ತರುವವರ ಹೆಸರಿನ ಪಕ್ಕದಲ್ಲಿ ನೀರು ಕಳುಹಿಸುವವರ ಹೆಸರೂ ಇರಲಿ.

ಕಟ್ಟುವುದಕ್ಕಿಂತ ಕಾಯುವುದು ದೊಡ್ಡದು

ಹಣದ ಕೊರತೆಯ ಮಾತು ಬರುತ್ತದೆ. 15ನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಪಂಚಾಯತಿಗಳಿಗೆ ನೀಡಿದ ಅನುದಾನದಲ್ಲಿ ಶೇಕಡಾ 60ರಷ್ಟನ್ನು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಸಮವಾಗಿ ಮೀಸಲಿಟ್ಟಿತ್ತು. ನಮ್ಮ ಊರಿನಲ್ಲಿ ನೈರ್ಮಲ್ಯದ ಪಾಲು ಯಾವುದಕ್ಕೆ ವ್ಯಯವಾಯಿತು ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಉಂಟು. ಹೊಸ ಘಟಕದ ಬೇಡಿಕೆಯಿಡುವಾಗ ಅದನ್ನು ನಿತ್ಯ ನೋಡಿಕೊಳ್ಳುವವರು ಯಾರು, ಅವರಿಗೆ ಕೂಲಿ ಎಲ್ಲಿಂದ ಎಂಬುದನ್ನೂ ಅದೇ ಸಭೆಯಲ್ಲಿ ತೀರ್ಮಾನಿಸಬೇಕು. ಕಟ್ಟಿದ ವರ್ಷವೇ ಹೂಳು ತುಂಬಿ, ಪ್ಲಾಸ್ಟಿಕ್ ಚೀಲಗಳಿಂದ ಕಟ್ಟಿಕೊಂಡು ಪಾಳುಬಿದ್ದ ಘಟಕಗಳಿಗೆ ತಂತ್ರಜ್ಞಾನದ ದೋಷಕ್ಕಿಂತ ಕಾಯುವವರಿಲ್ಲದ ದೋಷವೇ ಹೆಚ್ಚು.

ಸರ್ಕಾರ, ಪಂಚಾಯತಿಗಳು ಬರುವ ಮೊದಲೇ ಪ್ರತಿ ಮನೆಯವರೂ ಈ ವಾರದಲ್ಲಿ ನಾಲ್ಕು ಕೆಲಸ ಮಾಡಬಹುದು. ಶೌಚಗುಂಡಿಗೂ ಬಾವಿಗೂ ನಡುವಿನ ದೂರವನ್ನು ಅಳೆಯಿರಿ. ಬಚ್ಚಲಿನ ನೀರು ಶೌಚಗುಂಡಿಗೆ ಹೋಗುತ್ತಿದ್ದರೆ ಬೇರ್ಪಡಿಸಿ. ನಲ್ಲಿಯ ಕೊಳವೆ ಚರಂಡಿಯೊಳಗೆ ಹಾದಿದ್ದರೆ ಮೇಲೆತ್ತಿಸಲು ಪಂಚಾಯತಿಗೆ ಬರೆದುಕೊಡಿ. ಬಾವಿ ಅಥವಾ ಕೊಳವೆಬಾವಿಯ ನೀರನ್ನು ರೋಗಾಣು ಮತ್ತು ನೈಟ್ರೇಟ್ ಎರಡಕ್ಕೂ ಪರೀಕ್ಷೆ ಮಾಡಿಸಿ. ಐದನೆಯದು ಮಾಡಬಾರದ ಕೆಲಸ: ಯಾವ ಕಾರಣಕ್ಕೂ, ಯಾರನ್ನೂ, ಎಷ್ಟು ಕೂಲಿ ಕೊಟ್ಟರೂ ಮಲಗುಂಡಿಗೆ ಇಳಿಸಬೇಡಿ.

ನಮ್ಮ ಮನೆಯಿಂದ ಹೊರಟ ನೀರು ಮತ್ತೊಬ್ಬರ ಮನೆಯ ಮುಂದೆ ಹಾದು, ಮತ್ತೊಬ್ಬರ ಬಾವಿಯ ಬುಡವನ್ನು ಸೇರುತ್ತದೆ. ಅವರ ಮನೆಯಿಂದ ಹೊರಟದ್ದು ನಮ್ಮಲ್ಲಿಗೆ ಬರುತ್ತದೆ. ನೆಲದೊಳಗಿನ ನೀರಿಗೆ ಮನೆಗಳ ನಡುವಿನ ಗೋಡೆ ತಿಳಿಯದು. ಆದ್ದರಿಂದ ಬಳಸಿದ ನೀರನ್ನು ಶುಚಿಗೊಳಿಸಿ ನೆಲಕ್ಕೆ ಒಪ್ಪಿಸುವುದು ನೆರೆಯವರಿಗೆ ನಾವು ಸಲ್ಲಿಸಬೇಕಾದ ಋಣ. ಪ್ರತಿ ಮನೆಯೂ ಈ ಋಣವನ್ನು ತೀರಿಸಿದರೆ ಊರಿನ ಬಾವಿ ಶುದ್ಧವಾಗಿ ಉಳಿಯುತ್ತದೆ. ಆ ಬಾವಿಯನ್ನು ನಂಬಿದ ಮಕ್ಕಳ ಆರೋಗ್ಯವೂ ಉಳಿಯುತ್ತದೆ.